ನಾನು ಅಳಿಸಿದ ಕಾನ್ಫಿಗ್ ಫೈಲು

ಹೋದ ವಾರ ರಿಪೇರಿಗೆ ಬಂದ ಪೆಟ್ಟಿಗೆಯೊಂದರ ಮುಚ್ಚಳ ಬಿಚ್ಚಿದೆ. ಸುಣ್ಣ, ಬ್ಲೀಚಿಂಗ್ ಪುಡಿ, ಬಾಡಿದ ಹಿಪ್ಪುನೇರಳೆ ಸೊಪ್ಪು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆ ಹುಳು ಸಾಕುವ ಮನೆಯ ವಾಸನೆ. ಶಿಡ್ಲಘಟ್ಟದಲ್ಲೇ ಹುಟ್ಟಿ ಬೆಳೆದವಳಿಗೆ ಇದೇನು ಹೊಸದಲ್ಲ. ಆದರೆ ಆ ಪೆಟ್ಟಿಗೆ ಬಂದದ್ದು ಜಂಗಮಕೋಟೆಯಲ್ಲಿ ಹುಳು ಸಾಕುವ, ನಾನು ಅಕ್ಕ ಎಂದು ಕರೆಯುವ ಹೆಂಗಸಿನ ಮನೆಯಿಂದ. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಮೇಷ್ಟ್ರು ನೆನಪಾದರು...

ಮೇಷ್ಟ್ರು ಎಂದರೆ ನನಗೆ ಪಾಠ ಹೇಳಿದವರಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾದ ಮೇಲೆ, ಹೆಂಡತಿಯೂ ತೀರಿಕೊಂಡ ಮೇಲೆ, ಅಂಗಡಿಯೊಂದರ ಮಹಡಿಯ ಈ ಕೋಣೆ ಹಿಡಿದು ಹುಳು ಮನೆಗಳಿಗೆ ಬೇಕಾದ ಪೆಟ್ಟಿಗೆ ಮಾಡತೊಡಗಿದರು. ಪೆಟ್ಟಿಗೆ ಶಾಖ, ತೇವ ಎರಡನ್ನೂ ಅಳೆಯುತ್ತದೆ. ಗಾಳಿ ಒಣಗಿದರೆ ನೀರು ಸಿಂಪಡಿಸುವ ಯಂತ್ರವನ್ನು ತಾನೇ ಹಾಕುತ್ತದೆ, ಸಾಕಾದಾಗ ಆರಿಸುತ್ತದೆ. ಒಳಗೆ ಅಂಗೈ ಅಗಲದ ಒಂದು ಕಂಪ್ಯೂಟರ್. ಕೆಲಸಕ್ಕೆ ಇದ್ದವಳು ನಾನೊಬ್ಬಳೇ. ಆಗಲೇ ಮೂವತ್ತು ದಾಟಿತ್ತು, ಬೇರೆಲ್ಲೂ ಕೆಲಸ ನಿಂತಿರಲಿಲ್ಲ. ಸೇರಿದ ಆರು ತಿಂಗಳಿಗೆ ಅವರು, "ನಿನ್ ಕೆಲಸ ಕಣ್ ಮುಚ್ಕೊಂಡು ನಂಬಬೋದು ಕಣಮ್ಮ" ಅಂದಿದ್ದರು. ನನಗೆ ಅಂಥ ಮಾತು ಅದುವರೆಗೆ ಯಾರೂ ಹೇಳಿರಲಿಲ್ಲ.

ಆ ಪುಟ್ಟ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರ ಸೋರ್ಸ್ ಕೋಡ್, ಅಂದರೆ ಮೂಲ ಬರಹ, ಲೋಕಕ್ಕೆಲ್ಲ ಒಂದೇ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಿಂದ ನಮ್ಮ ಪೆಟ್ಟಿಗೆಗೆ ತಕ್ಕ ಕರ್ನಲ್ ಕಟ್ಟುವ ಮುಂಚೆ ಅದು ಸಾವಿರಾರು ಪ್ರಶ್ನೆ ಕೇಳುತ್ತದೆ: ಇದು ಬೇಕೋ, ಬೇಡವೋ. ನಮ್ಮ ಉತ್ತರಗಳೆಲ್ಲ ಕಾನ್ಫಿಗ್ ಎಂಬ ಒಂದೇ ಫೈಲಿನಲ್ಲಿ ಕೂರುತ್ತವೆ. ಸಾರಿನ ಪುಡಿಗೆ ಎಲ್ಲರ ಮನೆಯಲ್ಲೂ ಅದೇ ಧನಿಯಾ, ಅದೇ ಮೆಣಸಿನಕಾಯಿ. ಅಳತೆ ಮಾತ್ರ ಆಯಾ ಮನೆಯದು. ಈ ಫೈಲು ಆ ಅಳತೆ. ನಮ್ಮ ಹುಳು ಮನೆಗಳ ಅಳತೆ ಕಂಡುಹಿಡಿಯಲು ಮೇಷ್ಟ್ರಿಗೆ ಎಂಟು ತಿಂಗಳು ಹಿಡಿದಿತ್ತು.

ಒಮ್ಮೆ ಅವರು ಗೌರಿಬಿದನೂರಿಗೆ ತಂಗಿಯ ಮಗಳ ಮದುವೆಗೆಂದು ಮೂರು ದಿನ ಹೋದರು. ಜಂಗಮಕೋಟೆಯ ಪೆಟ್ಟಿಗೆಯನ್ನು ನಾನೇ ಮುಗಿಸಿ ಕೊಡಬೇಕಿತ್ತು. ಕೋಣೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಕೆಲಸ ನಿಂತಿತು. ನಾನು ಅತಿ ಬುದ್ಧಿವಂತೆ. ಕರ್ನಲ್ಲಿನ ಫೋಲ್ಡರನ್ನು ಪೂರ್ತಿ ತೊಳೆದುಬಿಡುವ ಒಂದು ಆಜ್ಞೆಯಿದೆ, ಅದನ್ನು ಕೊಟ್ಟೆ. ಅದು ಕಸದ ಜೊತೆಗೆ ಕಾನ್ಫಿಗ್ ಫೈಲನ್ನೂ ತೊಳೆದುಹಾಕುತ್ತದೆ ಎಂದು ಗೊತ್ತಾದದ್ದು ಆಮೇಲೆ. ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿ ಕೂರುವ ಫೈಲು. ಮೇಷ್ಟ್ರು ಅದರ ಇನ್ನೊಂದು ಪ್ರತಿಯನ್ನು ಎಲ್ಲೂ ಇಟ್ಟಿರಲಿಲ್ಲ.

ಫೋನು ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಆ ಪುಟ್ಟ ಕಂಪ್ಯೂಟರಿನ ಜೊತೆ ಬಂದಿದ್ದ ಸಿದ್ಧ ಕಾನ್ಫಿಗ್ ತೆಗೆದುಕೊಂಡು, ನೆನಪಿದ್ದಷ್ಟನ್ನು ತಿದ್ದಿ ಹೊಸದು ಕಟ್ಟಿದೆ. ಮೇಜಿನ ಮೇಲೆ ಪೆಟ್ಟಿಗೆ ಚೆನ್ನಾಗಿಯೇ ಓಡಿತು. ಕೊಟ್ಟು ಕಳಿಸಿದೆ.

ನಾನು ಮರೆತದ್ದು ಒಂದೇ ಒಂದು. ಕಂಪ್ಯೂಟರ್ ಮಂಕು ಬಡಿದು ನಿಂತರೆ ಅದನ್ನು ತಾನಾಗಿ ಎಬ್ಬಿಸುವ ಕಾವಲೊಂದಿದೆ, ಅದಕ್ಕೆ 'ಬೇಕು' ಎಂದು ಹೇಳಿರಲಿಲ್ಲ. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಕಳೆದು ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಒಂದು ರಾತ್ರಿ ಕರೆಂಟು ಹೋಗಿ ಬಂದು ಆಟವಾಡಿತು. ಸಿಂಪಡಿಸುವ ಯಂತ್ರ ಓಡುತ್ತಿದ್ದಾಗಲೇ ಪೆಟ್ಟಿಗೆ ನಿಂತುಬಿಟ್ಟಿತು. ಆರಿಸುವವರಿಲ್ಲದೆ ಬೆಳಗಿನ ತನಕ ನೀರು ಸಿಂಪಡಿಸುತ್ತಲೇ ಇತ್ತು. ತೇವ ಹೆಚ್ಚಾಗಿ ಮೂರನೇ ದಿನಕ್ಕೆ ಸಪ್ಪೆ ರೋಗ ಹತ್ತಿ ಅಕ್ಕನ ಇಡೀ ಬೆಳೆ ಹೋಯಿತು.

ನಾವಿಬ್ಬರೂ ಹೋದಾಗ ಅಕ್ಕ ಸತ್ತ ಹುಳುಗಳನ್ನು ಮಂಕರಿಗೆ ತುಂಬುತ್ತಿದ್ದರು. ಬೈಯಲಿಲ್ಲ, ಅಳಲೂ ಇಲ್ಲ. ಮೇಷ್ಟ್ರು ಪೆಟ್ಟಿಗೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕೈ ಮುಗಿದರು.

"ನಂದೇ ತಪ್ಪಮ್ಮ. ಒಂದು ಹಾಕೋದು ಬಿಟ್ಬಿಟ್ಟಿದ್ದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ನಾಲಿಗೆ ಬಿದ್ದುಹೋಗಿದ್ದರೂ ವಾಸಿಯಿತ್ತು, ಒಂದು ನೆಪವಾದರೂ ಇರುತ್ತಿತ್ತು. ಇವರಿಗೆ ಗೊತ್ತಾಗಿಲ್ಲ, ಅದು ತಮ್ಮದೇ ಕಾನ್ಫಿಗ್, ತಾವೇ ಮರೆತೆವು ಎಂದುಕೊಂಡಿದ್ದಾರೆ ಅಂತ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲಿಂದ ಬಂದ ಮೇಲೆ ಮೇಷ್ಟ್ರು ಹೊಸ ಪದ್ಧತಿ ತಂದರು. ಕಾನ್ಫಿಗ್ ಇನ್ನು ಮೇಲೆ ಒಂಟಿಯಾಗಿ ಎಲ್ಲೋ ಬಿದ್ದಿರಕೂಡದು. ಸೋರ್ಸ್ ಕೋಡ್ ಇರುವ ಭಂಡಾರದಲ್ಲೇ, ಅದರ ಮಗ್ಗುಲಲ್ಲೇ ಇರಬೇಕು. ಜೊತೆಗೆ 'ಯಾಕೆ' ಎಂದು ಇನ್ನೊಂದು ಫೈಲು. ಯಾವುದಕ್ಕೆ ಬೇಕು ಅಂದೆವು, ಯಾವುದಕ್ಕೆ ಬೇಡ ಅಂದೆವು, ಯಾಕೆ, ಯಾರು ಬದಲಾಯಿಸಿದ್ದು, ಎಲ್ಲ ಅದರಲ್ಲಿ ಬರೆಯಬೇಕು. "ಮೂಲ ಎಲ್ ಬೇಕಾದ್ರೂ ಸಿಗತ್ತೆ ಕಣಮ್ಮ. ಯಾಕೆ ಹಿಂಗ್ ಮಾಡಿದ್ವಿ ಅನ್ನೋದು ನಮ್ ಹತ್ರ ಮಾತ್ರ ಇರತ್ತೆ" ಎನ್ನುತ್ತಿದ್ದರು.

ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ನನ್ನ ಕಡೆ ತಿರುಗಿ ಕೇಳುತ್ತಿದ್ದರು, "ಬರಿಯೋದು ಏನಾದ್ರೂ ಉಳ್ಕೊಂಡಿದ್ಯೇನಮ್ಮ?" ಕೇಳಿ ಕೊಂಚ ಕಾಯುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. "ಇಲ್ಲ ಸಾರ್" ಅನ್ನುತ್ತಿದ್ದೆ. ಸರಿ ಎಂದು ಬೀಗ ತೆಗೆದುಕೊಳ್ಳುತ್ತಿದ್ದರು. ಹೇಳಿದರೆ ಕಳಿಸಿಬಿಡುತ್ತಾರೆ ಎಂಬ ಭಯ ಮೊದಲಿಗೆ. ಆಮೇಲಾಮೇಲೆ, ಇಷ್ಟು ದಿನ ಹೇಳದೆ ಈಗ ಹೇಗೆ ಹೇಳುವುದು ಎಂಬ ನಾಚಿಕೆ... ಹೀಗೇ ನಾಲ್ಕು ವರ್ಷ ಕಳೆಯಿತು.

ಒಂದು ಸೋಮವಾರ ಅವರು ಬರಲಿಲ್ಲ. ಹನ್ನೊಂದಕ್ಕೆ ಅವರ ಪಕ್ಕದ ಮನೆಯವರು ಫೋನು ಮಾಡಿದರು. ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಈಗ ಕೋಣೆಯಲ್ಲಿ ನಾನೊಬ್ಬಳೇ. ಪೆಟ್ಟಿಗೆ ಮಾಡುತ್ತೇನೆ, ಕಾನ್ಫಿಗ್ ತಿದ್ದಿದಾಗಲೆಲ್ಲ 'ಯಾಕೆ' ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ಇಡೀ ದಿನ ಬಾಯಿ ಬಿಡದೆ ಸಂಜೆಯಾಗಿ, ಕೆಳಗಿನ ಅಂಗಡಿಯವರಿಗೆ "ಬರ್ತೀನಣ್ಣ" ಎಂದಾಗ ಅದೇ ಆ ದಿನದ ಮೊದಲ ಮಾತು ಎಂದು ಗೊತ್ತಾಗುತ್ತದೆ.

ಜಂಗಮಕೋಟೆಯ ಪೆಟ್ಟಿಗೆಯನ್ನು ಯಾರ ಕೈಲಾದರೂ ಕಳಿಸಬಹುದಿತ್ತು. ಬಸ್ಸು ಹತ್ತಿ ನಾನೇ ಹೋದೆ. ಅಕ್ಕ ಸೊಪ್ಪು ಕತ್ತರಿಸುತ್ತಿದ್ದರು. ತಲೆಗೂದಲು ನೆರೆತಿತ್ತು. ಪೆಟ್ಟಿಗೆ ಗೋಡೆಗೆ ಹಾಕಿದ ಮೇಲೆ, ಧೈರ್ಯ ಜಾರುವ ಮುಂಚೆಯೇ ಹೇಳಿದೆ.

"ಅಕ್ಕ, ಆವತ್ತು ಬೆಳೆ ಹೋಗಿದ್ದು ನನ್ನಿಂದ. ಮೇಷ್ಟ್ರ ತಪ್ಪಲ್ಲ."

ಅಕ್ಕ ತಲೆ ಎತ್ತಲಿಲ್ಲ. "ನಂಗೊತ್ತಮ್ಮ" ಅಂದರು. "ಮಾರನೇ ದಿನ ಅವರೊಬ್ರೇ ಬಂದಿದ್ರು. ಹುಡುಗಿ ಮೇಲೆ ಕೋಪ ಇಟ್ಕೋಬೇಡಿ, ಹೆದರ್ಕೊಂಡವಳೆ, ಒಂದಿನ ತಾನೇ ಬಾಯ್ಬಿಟ್ಟು ಹೇಳ್ತಾಳೆ ಅಂದ್ರು."

ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಪ್ರತಿ ಕರ್ನಲ್ಲೂ ಶುರುವಾಗುವಾಗ ತನ್ನನ್ನು ಯಾರು, ಯಾವ ದಿನ ಕಟ್ಟಿದರು ಎಂದು ತೋರಿಸುತ್ತದೆ. ಆವತ್ತು ಲ್ಯಾಪ್‌ಟಾಪಿನಲ್ಲಿ ಅವರು ಕಂಡದ್ದು ನನ್ನ ಹೆಸರು, ಅವರು ಊರಲ್ಲಿಲ್ಲದ ದಿನ. ದಿನಾ ನೋಡುವ ಸಾಲು. ನನಗದು ಹೊಳೆದೇ ಇರಲಿಲ್ಲ.

ಅಕ್ಕ ಮಚ್ಚು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

"ಹೇಳಿದ್ಯೇನಮ್ಮ ಅವ್ರಿಗೆ?"

"ಇಲ್ಲಕ್ಕ."

ಅಕ್ಕ ಸೊಪ್ಪು ಬಾಚಿಕೊಂಡು ಹುಳುಗಳಿಗೆ ಹಾಕಲು ಒಳಗೆ ಹೋದರು.

ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು, ಎಲ್ಲವನ್ನೂ ಮೊದಲಿನಿಂದ ಮೇಷ್ಟ್ರಿಗೆ ಮನಸ್ಸಿನಲ್ಲೇ ಹೇಳಿದೆ. ತೊಳೆದದ್ದು, ಮುಚ್ಚಿಟ್ಟದ್ದು, ಅವರು ಕೈ ಮುಗಿದಾಗ ಸುಮ್ಮನೆ ನಿಂತದ್ದು. ಹೇಳಿ ಮುಗಿಸುವ ಹೊತ್ತಿಗೆ ಶಿಡ್ಲಘಟ್ಟ ಬಂತು. ಅಷ್ಟು ವರ್ಷ ಅವರೆದುರೇ ಕೂತು ಕೆಲಸ ಮಾಡಿದವಳು ನಾನು. ಅವರು ಏನನ್ನುತ್ತಿದ್ದರು ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯಲಿಲ್ಲ.