ಮೂವತ್ತರಲ್ಲಿ ಏಳನೆಯ ಗೋಧಿ ಕೊಯ್ಲು

ಗಲ್ಫಿನ ಅಲ್ ರಯ್ಯಾನಿನ ವಿಲ್ಲಾದಲ್ಲಿ ಫೇರ್‌ವೆಲ್ ಪಾರ್ಟಿ. ಊರಿಗೆ ಮರಳಲಿದ್ದ ಡಚ್ ಮ್ಯಾನೇಜರನ ಎದುರು ಅಕೌಂಟ್ಸಿನ ಚನ್ನಕೇಶವ ಉಡುಗೊರೆಯ ಕಾಗದ ಬಿಚ್ಚಿದ. ಒಳಗೆ ಗೋಧಿ ಕೊಯ್ಯುವ ಯುರೋಪಿನ ರೈತರು. ತಾಮ್ರದ ತಗಡಿನಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ವಾರವಿಡೀ ಓದಿಕೊಂಡು ಬಂದಿದ್ದ ಚನ್ನಕೇಶವ ಸುಮ್ಮನಿರಬಾರದೆ? "ಇಂಥವು ಮೂವತ್ತೇ ಪ್ರತಿ. ಇದು ಏಳನೆಯದು. ಕಲಾವಿದನೇ ಪೆನ್ಸಿಲಿನಲ್ಲಿ ನಂಬರು ಬರೆದು ಸಹಿ ಹಾಕಿದ್ದಾನೆ, ಇಲ್ಲಿ!" ಎಂದು ಬೆರಳಿಟ್ಟ.

ಬೆರಳ ಕೆಳಗೆ ತೊಳೆದ ತಟ್ಟೆಯಂಥ ಬಿಳಿ ಅಂಚು. ಇಡೀ ಆಫೀಸು ಬಗ್ಗಿ ನೋಡಿತು. ಮ್ಯಾನೇಜರ ಒಳ್ಳೆಯವನು, "ರೈತರಂತೂ ಇದ್ದಾರಲ್ಲ" ಎಂದ.

ಮರುದಿನ ಚನ್ನಕೇಶವ, ಚಿತ್ರಕ್ಕೆ ಫ್ರೇಮು ಹಾಕಿದ್ದ ಮುಐದರ್ ಬಡಾವಣೆಯ ಅಂಗಡಿಗೆ ಹೊರಟ. ಇನ್ನು ಆಫೀಸಿನ ಕೆಲಸ ನಿಮಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಕಂಕುಳಲ್ಲಿದ್ದ ಕಂಪನಿಯ ಐಎಸ್‌ಒ ಸರ್ಟಿಫಿಕೇಟನ್ನು ಫ್ರೇಮಿಗೆ ಬೇರೆ ಅಂಗಡಿಗೆ ಕೊಡುವುದಿತ್ತು. ಆದರೆ ದಾರಿಯುದ್ದಕ್ಕೂ ಸಿಟ್ಟು ಆರದಂತೆ ನೋಡಿಕೊಳ್ಳುವುದೇ ಕಷ್ಟವಾಯಿತು.

ಅಂಗಡಿಯ ಯಜಮಾನ, ಮೂಡುಬಿದಿರೆಯ ಯೂಜಿನ್ ಅಂಥವರು. ಏಸು, ಮಕ್ಕಾ, ತಿರುಪತಿ, ಅರಬನ ಗಿಡುಗ, ಎಲ್ಲಕ್ಕೂ ಒಂದೇ ಬಂಗಾರದ ಬಣ್ಣದ ಫ್ರೇಮು. ಮದುವೆ ಫೋಟೊ ಕೊಟ್ಟವರು ಆಮೇಲೆ ಸಿಕ್ಕಿದಾಗಲೆಲ್ಲ ಯೂಜಿನ್ ಹುಡುಗಿಯ ಕ್ಷೇಮ ವಿಚಾರಿಸುವರು. ಚನ್ನಕೇಶವನ ಮನೆಯ ಗಣಪತಿಯ ಗಾಜು ಹಬ್ಬದ ದಿನವೇ ಒಡೆದಾಗ, ಶುಕ್ರವಾರದ ರಜೆಯಲ್ಲೂ ಅಂಗಡಿ ತೆರೆದು ಸರಿಮಾಡಿಕೊಟ್ಟವರು. ಈ ರೈತರನ್ನು ಕಂಡಾಗಲೂ, "ಪಾಪ, ಬಿಸಿಲಲ್ಲಿ ಬೆನ್ನು ಬಗ್ಗಿಸಿದ್ದಾರೆ, ಇವರಿಗೂ ಬಂಗಾರದ್ದೇ ಇರಲಿ" ಎಂದಿದ್ದರು.

"ಯೂಜಿನ್, ಆ ಚಿತ್ರದ ಕೆಳಗೆ ಪೆನ್ಸಿಲಲ್ಲಿ ಏನೋ ಬರೆದಿತ್ತಲ್ರೀ?"

"ಹೌದು ಸಾರ್, ರೇಟು. ಗಿಫ್ಟ್ ಅಂತ ನೀವೇ ಹೇಳಿದ್ದಲ್ವಾ? ರೇಟು ಸಮೇತ ಕೊಟ್ಟರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಮೆತ್ತಗಿನ ರಬ್ಬರಲ್ಲಿ ಚಂದ ಮಾಡಿ ಉಜ್ಜಿದ್ದೇನೆ."

"ರೇಟಲ್ಲ ಕಣ್ರೀ! 7/30 ಅಂದ್ರೆ ಮೂವತ್ತರಲ್ಲಿ ಏಳನೆಯದು ಅಂತ ಲೆಕ್ಕ! ಪಕ್ಕದಲ್ಲಿದ್ದದ್ದು ಕಲಾವಿದನ ಸಹಿ!"

"ಹೌದಾ? ತನ್ನಿ ಹಾಗಾದ್ರೆ, ನಾನೇ ಬರೆದು ಕೊಡ್ತೇನೆ. ನನ್ನ ಅಕ್ಷರ ಅವನದ್ದಕ್ಕಿಂತ ಚಂದ ಉಂಟು."

ಕಾಗದ ಸುತ್ತುವ ಮುಂಚೆ ಚನ್ನಕೇಶವನೂ ಚಿತ್ರದ ಮುಖ ನೋಡಿರಲಿಲ್ಲ. ಫ್ರೇಮಿನ ಹಿಂದಿದ್ದ ಬೆಲೆಚೀಟಿಯನ್ನು ಉಗುರಿನಿಂದ ಕೆರೆಯುವುದರಲ್ಲೇ ಮುಳುಗಿದ್ದ. ತಂದ ಖಡಾಖಂಡಿತ ಮಾತೆಲ್ಲ ಎಲ್ಲಿಗೋ ಹೋಯಿತು. ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟ.

"ಇದರಲ್ಲಿರೋ ಸಹಿಯಾದ್ರೂ ಇರಲಿ."

"ಆಯ್ತು ಸಾರ್. ಬಂಗಾರದ್ದೇ ಅಲ್ವಾ?"

"ಬಂಗಾರದ್ದೇ." ಬಾಗಿಲವರೆಗೆ ಹೋದವನಿಗೆ ತಡೆಯಲಾಗಲಿಲ್ಲ. ತಿರುಗಿ ನಿಂತ. "ಅಲ್ರೀ, ಅಷ್ಟುದ್ದದ ಸಹಿ ನಿಮ್ಮ ಕಣ್ಣಿಗೆ ಕಾಣಲೇ ಇಲ್ವಾ?"

ಯೂಜಿನ್ ಗಾಜಿಗೆ ಉಸಿರು ಬಿಟ್ಟು ಒರೆಸುತ್ತಲೇ ಹೇಳಿದರು: "ಕಾಣದಿದ್ದರೆ ಅಳಿಸುವುದು ಹೇಗೆ ಮಾರಾಯ್ರೆ?"