ಪಂಚಮಿಗೆ ಕಟ್ಟಿಟ್ಟ ಚಾಕುಗಳು

ನನ್ನ ಕಿಸೆಯಲ್ಲಿ ಪೆನ್ನು ಇಲ್ಲದ ದಿನಗಳು ಎಷ್ಟೋ ಉಂಟು. ಚಾಕು ಇಲ್ಲದ ದಿನ ಮಾತ್ರ ವರ್ಷಕ್ಕೆ ಒಂದೇ. ಯಾದಗಿರಿಯ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದಷ್ಟು ಕಾಲವೂ ದೋರನಹಳ್ಳಿಯಲ್ಲಿ ಬಸ್ಸು ಹತ್ತುವ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬೇವಿನ ಕಡ್ಡಿ ಕೆತ್ತಲು, ಕಡತದ ದಾರ ಕತ್ತರಿಸಲು, ಯಾರದಾದರೂ ಕಾಲಿಗೆ ನೆಟ್ಟ ಜಾಲಿ ಮುಳ್ಳು ಕೀಳಲು ಅದು ಬೇಕು. ಪೇರಲಹಣ್ಣು ಹೋಳು ಮಾಡಿ ಒಳಗೆ ಹುಳ ಇದೆಯೇ ಎಂದು ನೋಡಲೂ ಬೇಕು. ಈ ಕೊನೆಯದೇ ನನಗೆ ಮುಖ್ಯ. ಒಳಗೇನಿದೆ ಎಂದು ತಿಳಿಯದೆ ಇಡೀ ಹಣ್ಣಿಗೆ ಬಾಯಿ ಹಾಕುವವರ ಧೈರ್ಯ ಕಂಡು ಈಗಲೂ ಬೆರಗಾಗುತ್ತದೆ.

ಹೌದು, ನಾನು ಸಂಶಯದ ಮನುಷ್ಯ. ಹಾಲನ್ನು ಮೂಸಿ ಕುಡಿಯುತ್ತೇನೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ, ಅಂಗಳ ದಾಟಿದ ಮೇಲೆ ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತೇನೆ. "ನಿಮಗ ನಿಮ್ಮ ನೆಳ್ಳಿನ ಮ್ಯಾಲೂ ನಂಬಿಕಿ ಇಲ್ಲ" ಎನ್ನುತ್ತಾಳೆ ಹೆಂಡತಿ. ಮಧ್ಯಾಹ್ನ ಒಂದು ಅಳತೆ, ಸಂಜೆ ಒಂದು ಅಳತೆ ಇರುವ ನೆರಳನ್ನು ನಂಬುವುದಾದರೂ ಹೇಗೆ?

ಕಾಲುವೆ ಬಂದ ಕಾಲವೂ ನನ್ನ ಸ್ವಭಾವಕ್ಕೆ ತಕ್ಕಂತೆಯೇ ಇತ್ತು. ಮೊದಲು ಮಳೆ ಬರಲಿಲ್ಲವೆಂದರೆ ದೇವರನ್ನು ಬೈದು ಸುಮ್ಮನಾಗುತ್ತಿದ್ದೆವು. ಕೃಷ್ಣೆಯ ನೀರು ಹೊಲದ ತನಕ ಹರಿಯಲು ಶುರುವಾದ ಮೇಲೆ ದೇವರು ಪಾರಾದ. ನೀರು ಬರಲಿಲ್ಲವೆಂದರೆ ಮೇಲಿನ ಹೊಲದವನ ಮೇಲೆ ಸಂಶಯ, ಗೇಟು ನೋಡುವವನ ಮೇಲೆ ಸಂಶಯ, ನೀರು ಹೆಚ್ಚಾಗಿ ಬಂದರೆ ಅದರ ಮೇಲೂ ಸಂಶಯ. ಊರಿಗೆ ಊರೇ ನನ್ನಂತಾಯಿತು. ಒಳಗೊಳಗೇ ನನಗೆ ಖುಷಿಯಾಗಿತ್ತೆಂದು ಹೇಳಿದರೆ ತಪ್ಪೇನಿಲ್ಲ.

ನನ್ನ ಚಾಕುಗಳ ಡಬ್ಬಿ ತುಂಬಿದ್ದು ಆ ದಿನಗಳಲ್ಲೇ. ಕಾಲುವೆ ಅಗೆಯಲು ಬಂದ ಕೂಲಿಯವರು, ಭತ್ತ ಬೆಳೆಯಲು ಬಂದು ಕ್ಯಾಂಪು ಹಾಕಿದವರು, ಲಾರಿ ಹೊಡೆಯುವವರು, ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ನಮೂನೆಯ ಮಡಚು ಚಾಕು ಇರುತ್ತಿತ್ತು. ಹಿತ್ತಾಳೆ ಹಿಡಿಯದು, ಮೀನಿನಾಕಾರದ್ದು, ತೆರೆಯುವಾಗ ಕಟಕಟ ಸದ್ದು ಮಾಡುವಂಥದ್ದು. ಶಹಾಪುರದ ಸಂತೆಯಲ್ಲಿ ಇಂಥದೊಂದು ಕಂಡರೆ ನಾನು ಮೊದಲು ಅಲಗನ್ನು ಮೂಸುತ್ತಿದ್ದೆ. ಉಳ್ಳಾಗಡ್ಡಿಯ ವಾಸನೆ ಬಂದರೆ ಸಂಸಾರವಂತನ ಚಾಕು, ತಂಬಾಕಿನ ವಾಸನೆ ಬಂದರೆ ಮುದುಕನದು. ಯಾವ ವಾಸನೆಯೂ ಇಲ್ಲದಿದ್ದರೆ ಯಾಕೆ ತೊಳೆದರೆಂದು ಯೋಚಿಸಿ ಕೆಳಗಿಟ್ಟುಬಿಡುತ್ತಿದ್ದೆ.

ಡಬ್ಬಿಯಲ್ಲಿ ಎಲ್ಲಕ್ಕಿಂತ ಕುರೂಪಿಯಾದದ್ದು ಅಪ್ಪನ ಚಾಕು. ತಿಂಥಣಿಯ ಕಂಬಾರನೊಬ್ಬ ಅಲ್ಲಿಯ ದೇವರು ಮೌನಪ್ಪಯ್ಯನ ಹೆಸರು ಹೇಳಿ ಲಾರಿಯ ಸ್ಪ್ರಿಂಗಿನ ಮುರುಕು ಪಾಟಾ ಕಾಸಿ ಬಡಿದು ಮಾಡಿಕೊಟ್ಟದ್ದು. ಎಮ್ಮೆ ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಉಳಿಯಿಂದ ಹೊಡೆದ ಒಂದು ಚುಕ್ಕೆ. ಅಪ್ಪ ಅದನ್ನು ಸಾಯುವ ತನಕ ಎಲೆಯಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಿದ್ದ. ಅವನು ಹೋದ ಮೇಲೆ ನಮಗೆ ಉಳಿದ ಅವನ ಗುರುತು ಅದೊಂದೇ. ಅವನದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ.

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬೀಳುತ್ತದೆ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೊಟ್ಟ ಹೆಣ್ಣುಮಗಳಿಗಂತೂ ತವರಿನಿಂದ ಕಬ್ಬಿಣ ಕೊಡುವ ಮಾತೇ ಇಲ್ಲ, ತವರು ಕಡಿದುಹೋಗುತ್ತದೆ. ಇನ್ನು ನಾಗರ ಪಂಚಮಿಯ ದಿನ ಮನೆಯಲ್ಲಿ ಏನನ್ನೂ ಕೊಯ್ಯುವುದಿಲ್ಲ, ಹೆಚ್ಚುವುದಿಲ್ಲ. ಅವ್ವ ಹಿಂದಿನ ಸಂಜೆಯೇ ಕುಡಗೋಲು, ಈಳಿಗೆ, ನನ್ನ ಡಬ್ಬಿಯ ಚಾಕುಗಳು ಎಲ್ಲವನ್ನೂ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಜೋಳ ತುಂಬುವ ಬಿದಿರಿನ ಗಳಗಿಯಲ್ಲಿ ಇಡುತ್ತಿದ್ದಳು. ನನ್ನ ಕಿಸೆ ಖಾಲಿಯಾಗುವ ದಿನ ಅದು. ಅಂದು ನನಗೆ ನಡೆಯುವಾಗಲೂ ಒಂದು ಕಡೆಗೆ ವಾಲಿದಂತಾಗುತ್ತಿತ್ತು.

ಪಂಚಮಿಗೆ ತಂಗಿ ಬರುತ್ತಿದ್ದಳು. ಅವಳನ್ನು ಸುರಪುರ ತಾಲೂಕಿನ ಕಕ್ಕೇರಾಕ್ಕೆ ಕೊಟ್ಟಿದ್ದೆವು. ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡಿದ್ದಳು. ಆಮೇಲೆ ಅವಳ ಮಾತು ಕಡಿಮೆಯಾಗಿತ್ತು, ಜೋಕಾಲಿಯನ್ನೂ ಹತ್ತುತ್ತಿರಲಿಲ್ಲ. ಅವಳ ಗಂಡ ಕಾಲುವೆಯ ಗೇಟು ಎತ್ತುವ ಇಳಿಸುವ ಕೆಲಸದಲ್ಲಿದ್ದ. ಗೇಟಿನವನೆಂದ ಮೇಲೆ ನನ್ನ ಅಭಿಪ್ರಾಯ ಬೇರೆ ಹೇಳಬೇಕಿಲ್ಲ. ಕೇಳಿದ್ದಕ್ಕೆಲ್ಲ "ಹೌದ್ರಿ ಭಾವಾರ" ಎನ್ನುತ್ತಿದ್ದ. ಎಲ್ಲದಕ್ಕೂ ಹೌದೆನ್ನುವವನನ್ನು ನಂಬಬಾರದು.

ಒಂದು ವರ್ಷ ಪಂಚಮಿಗೆ ಅವನೂ ಹಬ್ಬದ ದಿನವೇ ಬಂದು, ರಾತ್ರಿ ಪಡಸಾಲೆಯಲ್ಲಿ ಗಳಗಿಯ ಪಕ್ಕಕ್ಕೆ ಮಲಗಿದ್ದ. ಮರುದಿನ ಅವ್ವ ಗಂಟು ಬಿಚ್ಚಿದಳು. ನಾನು ಒಂದೊಂದೇ ಚಾಕು ಎತ್ತಿ ಡಬ್ಬಿಗೆ ಹಾಕಿಕೊಂಡೆ. ಅಪ್ಪನ ಚಾಕು ಇರಲಿಲ್ಲ.

ಗಳಗಿಯ ಜೋಳವನ್ನೆಲ್ಲ ನೆಲಕ್ಕೆ ಸುರಿದೆ. ಹೆಂಡತಿಯನ್ನು ಕೇಳಿದೆ, ಅವಳು ಬೈದಳು. ಬೈದದ್ದರಿಂದ ಅವಳು ಕದ್ದಿಲ್ಲವೆಂದು ಖಾತ್ರಿಯಾಯಿತು. ತಂಗಿ ತಲೆ ಬಾಚಿಕೊಳ್ಳುತ್ತ ಗೋಡೆಯ ಕಡೆಗೆ ತಿರುಗಿದಳು. ಅವ್ವ ಮಾತ್ರ, "ಹೋಗ್ಲಿ ಬಿಡೋ, ಮನ್ಯಾಗ ಎಲ್ಲ್ಯಾರ ಇದ್ದೀತು" ಎಂದಳು. ಒಂದು ಚಮಚ ಕಳೆದರೂ ಓಣಿಯನ್ನೇ ಎಬ್ಬಿಸುವ ಅವ್ವ ಹೀಗೆಂದದ್ದು ನನಗೆ ವಿಚಿತ್ರವೆನಿಸಿತು. ಆದರೆ ನನ್ನ ಕಣ್ಣು ಆಗಲೇ ಗೇಟಿನವನ ಮೇಲೆ ನೆಟ್ಟಿತ್ತು.

ಅವರಿಬ್ಬರೂ ಊರಿಗೆ ಹೊರಟಾಗ ಬಸ್ ನಿಲ್ದಾಣದ ತನಕ ಹೋದೆ. ತಂಗಿ ಚೀಲ ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದಳು. ಅವನನ್ನು ಈಚೆಗೆ ಕರೆದು ನೇರವಾಗಿ ಕೇಳಿದೆ.

"ನಮ್ಮಪ್ಪನ ಚಾಕು ನೀ ತಗೊಂಡಿಯೇನು?"

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಹೌದ್ರಿ ಭಾವಾರ. ನಾನ ತಗೊಂಡೀನಿ."

"ಹಂಗಾರ ಕೊಡು ಇಲ್ಲೆ."

"ಈಗ ಕೊಡಾಕ ಆಗಂಗಿಲ್ರಿ."

ಕದ್ದವನು ಇಲ್ಲವೆನ್ನಬೇಕು, ಇಲ್ಲವೇ ಕೊಟ್ಟುಬಿಡಬೇಕು. ಈ ಮೂರನೆಯ ಜಾತಿಯ ಕಳ್ಳನನ್ನು ನಾನು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. "ಕಳ್ಳ ಇದ್ದೀ ನೀ. ಇನ್ನ ನಮ್ಮ ಮನಿ ಹೊಸ್ತಿಲಾ ತುಳಿಬ್ಯಾಡ" ಎಂದೆ. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಂಗಿ ಏನೋ ಹೇಳಲು ಬಾಯಿ ತೆರೆದಳು. ಅವನು ಸುಮ್ಮನಿರೆಂದು ಕೈ ಮಾಡಿ ಅವಳನ್ನು ಬಸ್ಸು ಹತ್ತಿಸಿದ.

ಮನೆಗೆ ಬಂದು ಹೇಳಿದಾಗ ಅವ್ವ ಒಂದೇ ಮಾತು ಅಂದಳು: "ಗಂಡ ತುಳೀಲಾರದ ಹೊಸ್ತಿಲಾ ಅಕಿ ಹೆಂಗ ತುಳೀತಾಳೋ?" ಹಾಗೆಯೇ ಆಯಿತು. ದೀಪಾವಳಿಗೆ ತಂಗಿ ಬರಲಿಲ್ಲ. ಅವಳಿಲ್ಲದ ಹಬ್ಬ ನನಗೆ ಬಾಯಿಗೆ ಹತ್ತಲಿಲ್ಲ. ಅಪ್ಪನ ಚಾಕು ಹೋಗಿತ್ತು, ಅಪ್ಪನ ಮಗಳೂ ಹೋಗುವಂತಿದ್ದಳು. ನಾನು ಹೆದರಿದೆ. ಹೆದರಿದೆನೆಂದು ಮನೆಯಲ್ಲಿ ಹೇಳಲಾರದೆ, ಕಕ್ಕೇರಾದ ಕಡೆಗೇ ಇರುವ ತಿಂಥಣಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತೇನೆಂದು ಹೊರಟೆ. ಹೆಂಡತಿ ನನ್ನನ್ನು ಸಂಶಯದಿಂದ ನೋಡಿದಳು. ದೇವರಿಗೆ ಕಾಯಿ ಒಡೆಸುವಾಗಲೂ ನನ್ನ ಮನಸ್ಸು ಕಕ್ಕೇರಾದಲ್ಲೇ ಇತ್ತು.

ಕಕ್ಕೇರಾದಲ್ಲಿ ಬಸ್ಸಿಳಿದು ಮೊದಲು ಕಾಲುವೆಯ ಕಡೆ ಹೋದೆ. ಕಳ್ಳನನ್ನು ಹಿಡಿಯುವುದಾದರೆ ಮಾಲು ಸಮೇತ ಹಿಡಿಯಬೇಕು. ಗೇಟಿಗೆ ಸಿಕ್ಕಿಕೊಂಡಿದ್ದ ನೈಲಾನು ಹಗ್ಗವೊಂದನ್ನು ಅವನು ಬಿಡಿಸುತ್ತಿದ್ದ. ನಾನು ಜಾಲಿ ಗಿಡದ ಮರೆಯಲ್ಲಿ ನಿಂತೆ. ಹಗ್ಗ ಬಿಚ್ಚಲಿಲ್ಲ. ಅವನು ಹಲ್ಲಿನಿಂದ ಕಚ್ಚಿದ, ಕಲ್ಲಿನ ಮೇಲಿಟ್ಟು ಮತ್ತೊಂದು ಕಲ್ಲಿನಿಂದ ಜಜ್ಜಿದ. ಲಾರಿಯ ಪಾಟಾದ ಚಾಕು ಇಟ್ಟುಕೊಂಡವನು ಹಗ್ಗವನ್ನು ಕಲ್ಲಿನಿಂದ ಜಜ್ಜುತ್ತಾನೆಯೇ? ಇಷ್ಟು ದಿನ ಕಟ್ಟಿದ ನನ್ನ ಸಂಶಯವೆಲ್ಲ ಅಲ್ಲಿಯೇ ಸಡಿಲವಾಯಿತು. ಮಾರಿಬಿಟ್ಟನೋ ಎಂಬ ಹೊಸದೊಂದು ಸಂಶಯ ಹುಟ್ಟಿತು ಅಷ್ಟೆ. ಅವನಿಗೆ ಕಾಣಿಸಿಕೊಳ್ಳದೆ ಮನೆಯ ದಾರಿ ಹಿಡಿದೆ.

ಬಾಗಿಲು ತೆರೆದಿತ್ತು. ತಂಗಿ ಒಳಗೆ ಕೌದಿಯ ಮೇಲೆ ಮಲಗಿದ್ದವಳು ನನ್ನನ್ನು ಕಂಡು ಗಡಬಡಿಸಿ ಎದ್ದು ಕೂತಳು. ಹೊಟ್ಟೆ ತುಂಬಿಕೊಂಡಿತ್ತು. ಸರಿದ ತಲೆದಿಂಬಿನ ಕೆಳಗಿಂದ ಎಮ್ಮೆ ಕೊಂಬಿನ ಹಿಡಿ ಇಣುಕುತ್ತಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಅಣ್ಣಾ, ಮುಟ್ಟಬ್ಯಾಡ!" ಎಂದು ಚೀರಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅಳುತ್ತ ಹೇಳಿದಳು. "ಎರಡು ಹೋದುವಲ್ಲ. ಕೂಸು ನಿಂದ್ರಬೇಕಂದ್ರ ತವರಿನ ಕಬ್ಬಿಣ ತಲಿದಿಂಬಿನ ಕೆಳಗ ಇರಬೇಕು ಅಂತ ಹಿರೇರು ಹೇಳಿದ್ರು. ಕೇಳಿ ತಗೊಂಡ್ರ ತವರು ಕಡೀತದ. ಅದಕ್ಕ ಕದ್ದೆ. ಕದ್ದಿದ್ದು ಬಾಯಿ ಬಿಟ್ಟು ಹೇಳಿದ್ರ ಅದು ಹತ್ತಂಗಿಲ್ಲಂತ. ರಾತ್ರಿ ನಾ ಗಂಟು ಬಿಚ್ಚೂ ಮುಂದ ಅವ್ವ ನೋಡ್ಯಾಳ, ಇವರಿಗೆ ಗೊತ್ತದ. ನಿನಗೊಬ್ಬಾಂವಗ ಗೊತ್ತಿದ್ದಿಲ್ಲ."

"ಮತ್ತ ಅಂವ ಯಾಕ ತಾನ ಕದ್ದೀನಿ ಅಂದ?"

"ನೀ ಬಿಡ್ತಿದ್ದೇನು? ನನ್ನ ಬಾಯಿ ಬಿಡಿಸೂ ತನಕ ಬಿಡ್ತಿದ್ದಿಲ್ಲ ನೀ."

ತಲೆದಿಂಬಿನ ಕಬ್ಬಿಣದಿಂದ ಹೊಟ್ಟೆಯ ಕೂಸು ನಿಲ್ಲುತ್ತದೆಂದು ನಾನು ನಂಬುವವನಲ್ಲ. ನಂಬುವುದು ನನ್ನ ಜಾಯಮಾನವೇ ಅಲ್ಲ. ಆದರೂ ದಿಂಬನ್ನು ನನ್ನ ಕೈಯಾರೆ ಸರಿಸಿ ಆ ಹಿಡಿಯನ್ನು ಮುಚ್ಚಿದೆ. "ನಾ ಏನೂ ನೋಡಿಲ್ಲ, ನೀ ಏನೂ ಹೇಳಿಲ್ಲ" ಎಂದೆ.

ಅವನು ಬಂದಾಗ ನನ್ನನ್ನು ಕಂಡು ತನ್ನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನಿಗೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ಬೈಗುಳ ಒಂದೂ ಉಪಯೋಗಕ್ಕೆ ಬರಲಿಲ್ಲ. ನನ್ನ ಕಿಸೆಯಲ್ಲಿದ್ದ ಹಿತ್ತಾಳೆ ಹಿಡಿಯ ಚಾಕು ತೆಗೆದು ನೆಲದ ಮೇಲೆ ಇಟ್ಟೆ.

"ಹಗ್ಗ ಹಲ್ಲಿಲೆ ಕಡೀಬ್ಯಾಡ" ಎಂದೆ.

"ಹೌದ್ರಿ ಭಾವಾರ" ಎಂದು ಎತ್ತಿಕೊಂಡ. ನಾನು ಎಲ್ಲಿಂದ ನೋಡಿದೆನೆಂದು ಕೇಳಲಿಲ್ಲ. ಆ ರಾತ್ರಿ ನಾವಿಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ತಿಂದೆವು.

ಹೆರಿಗೆಗೆ ತಂಗಿ ನಮ್ಮ ಮನೆಗೇ ಬಂದಳು. ಹೆಣ್ಣು ಕೂಸು, ಗಟ್ಟಿ ದನಿಯದು. ಮುಂದಿನ ಪಂಚಮಿಯ ಮರುದಿನ ಅವ್ವ ಗಂಟು ಬಿಚ್ಚಿದಾಗ, ಎಲ್ಲದರ ಮೇಲೆ ಅಪ್ಪನ ಚಾಕು ಇತ್ತು. ನಾನು ಅಲಗು ತೆರೆದು ಮೂಸಿದೆ, ಕೂಸಿನ ನೆತ್ತಿಗೆ ಒತ್ತುವ ಹರಳೆಣ್ಣೆಯ ವಾಸನೆ. ಅಂಚಿನಲ್ಲಿ ಸಣ್ಣದೊಂದು ಹಲ್ಲು ಬಿದ್ದಿತ್ತು. ಗೇಟಿನವ ಇದರಿಂದ ತಂತಿ ಕೊಯ್ದಿದ್ದಾನೆಂದು ನನಗೆ ಈಗಲೂ ಸಂಶಯವಿದೆ.

ಆಮೇಲಿನ ವರ್ಷಗಳಲ್ಲಿ ಪಂಚಮಿಯ ಗಂಟನ್ನು ನಾನೇ ಕಟ್ಟತೊಡಗಿದೆ. ಗಂಟು ಸಡಿಲವಾಗಿರುತ್ತಿತ್ತು, ಅಪ್ಪನ ಚಾಕು ಮೇಲೆಯೇ ಇರುತ್ತಿತ್ತು. ಮರುದಿನ ಬಿಚ್ಚಿದಾಗಲೂ ಅದು ಅಲ್ಲೇ ಇರುತ್ತಿತ್ತು. ನನಗೆ ಸ್ವಲ್ಪ ನಿರಾಶೆಯಾಗುತ್ತಿತ್ತು.

ಒಂದು ವರ್ಷ ಬಿಚ್ಚಿ ನೋಡಿದರೆ ಅಪ್ಪನ ಚಾಕು ಮೇಲೆ ಇರಲಿಲ್ಲ. ಕುಡಗೋಲಿನ ಕೆಳಗೂ ಇರಲಿಲ್ಲ. ಅಂಗಳದಲ್ಲಿ ತಂಗಿ ಮಗಳನ್ನು ಜೋಕಾಲಿಯಲ್ಲಿ ತೂಗುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ಎಲ್ಲಾ ಅದಾವೇನೋ?"

"ಎಲ್ಲಾ ಅದಾವ" ಎಂದೆ.