ಬೇಕರಿ ಅಕ್ಕ ಸಕ್ಕರೆ ಬಿಟ್ಟದ್ದು

ನನ್ನ ಅಕ್ಕನನ್ನು ಬೀದಿಯವರೆಲ್ಲ ಬೇಕರಿ ಅಕ್ಕ ಎನ್ನುತ್ತಾರೆ. ಅವಳಿಗಿಂತ ಹತ್ತಾರು ವರ್ಷ ದೊಡ್ಡವರೂ ಹಾಗೇ ಎನ್ನುತ್ತಾರೆ. ಮೊದಮೊದಲು ತಿದ್ದಿದಳು, ಆಮೇಲೆ ಕೈಬಿಟ್ಟಳು. ಪತ್ರಿಕೆಗೆ ನಗೆಬರಹ ಬರೆಯುವುದು ನನ್ನ ಕಸುಬು. ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಮುರಿದ ಬಿಸ್ಕತ್ತು ಖಾಲಿ ಮಾಡುವುದು ಹವ್ಯಾಸ. ಎರಡರಲ್ಲಿ ನನ್ನನ್ನು ಬೆಳೆಸಿದ್ದು ಯಾವುದೆಂದು ನನ್ನ ಹೊಟ್ಟೆ ನೋಡಿದವರಿಗೆ ಹೇಳಬೇಕಾಗಿಲ್ಲ.

ಭಾವ ಬೇಗ ತೀರಿಕೊಂಡರು. ಅವರ ಬೇಕರಿಯನ್ನೂ ಆಗಷ್ಟೇ ನಡೆಯಲು ಕಲಿತಿದ್ದ ಮಗಳನ್ನೂ ಅಕ್ಕ ಒಟ್ಟಿಗೇ ಕಂಕುಳಿಗೆ ಏರಿಸಿಕೊಂಡಳು. ಹಿಟ್ಟು ನಾದುವ ಮೇಜಿನ ಕೆಳಗೆ ಹುಡುಗಿ ಬೆಳೆದಳು. ಕೂತು ಮುದ್ದು ಮಾಡಲು ಅಕ್ಕನಿಗೆ ಪುರುಸೊತ್ತೆಲ್ಲಿ? ಅದರ ಬದಲು ಒಲೆಯಿಂದ ತೆಗೆದ ಬಿಸಿ ಬನ್ನು ಸೀಳಿ, ಬೆಣ್ಣೆ ಸವರಿ, ಮೇಲೆ ಸಕ್ಕರೆ ಉದುರಿಸಿ ಮೇಜಿನ ಕೆಳಕ್ಕೆ ದಾಟಿಸುತ್ತಿದ್ದಳು. ಹುಡುಗಿ ದೊಡ್ಡವಳಾಗಿ ಸಿಟಿ ಬಸ್ಸಿನ ಕಂಡಕ್ಟರ್ ಆದ ಮೇಲೂ ಡ್ಯೂಟಿಗೆ ಹೊರಡುವ ಮುಂಚೆ ಆ ಬನ್ನು ತಪ್ಪಲಿಲ್ಲ.

ಅವಳಿಗೆ ಬೆನ್ನು ನೋವು ಶುರುವಾದಾಗ, ದಿನವಿಡೀ ಬಸ್ಸಿನಲ್ಲಿ ನಿಂತಿದ್ದಕ್ಕೆ ಎಂದುಕೊಂಡೆವು. ಎದೆಯಲ್ಲಿ ಗಂಟಿದೆಯೆಂದು ಅವಳು ಬಾಯಿಬಿಟ್ಟು ಹೇಳುವ ಹೊತ್ತಿಗೆ ಸ್ತನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು.

ನೋಡಲು ಬಂದವರು ಹಣ್ಣಿನ ಜೊತೆ ತನಿಖೆಯನ್ನೂ ತಂದರು. ಏನು ತಿಂತಿದ್ದಳು? ಯಾವ ಎಣ್ಣೆ? ಎದುರು ಮನೆಯ ಮೇಷ್ಟ್ರಂತೂ ಫೋನಿನಲ್ಲಿ ಎಲ್ಲ ಓದಿಕೊಂಡೇ ಬಂದಿದ್ದರು.

"ಮೈದಾ, ಸಕ್ಕರೆ, ಬೆಣ್ಣೆ. ಇದಕ್ಕೆಲ್ಲ ಮೂಲ ಅದೇ ಅಂತೆ ಕಣಮ್ಮ. ವಿಷ."

"ಮೇಷ್ಟ್ರೇ, ದಿನಾ ಸಂಜೆ ನಮ್ಮಂಗಡಿ ಕೇಕು ತಿನ್ನೋರು ನೀವು," ಎಂದಳು ಹುಡುಗಿ ಮಲಗಿದಲ್ಲಿಂದಲೇ. "ನ್ಯಾಯವಾಗಿ ಈ ಸೀಟು ನಿಮ್ಮದು. ಎದ್ದು ಬಿಟ್ಟುಕೊಡ್ಲಾ?"

ಮೇಷ್ಟ್ರಿಗೆ ತಕ್ಷಣ ಕೆಮ್ಮು ಬಂತು. ನಾವೆಲ್ಲ ನಕ್ಕೆವು. ಬಾಗಿಲ ಬಳಿ ಹಾಲಿನ ಲೋಟ ಹಿಡಿದು ನಿಂತಿದ್ದ ಅಕ್ಕ ನಗಲಿಲ್ಲ.

ಮರುದಿನದಿಂದ ಬೇಕರಿಯಲ್ಲಿ ಸಿಹಿ ನಿಂತಿತು. ಕೇಕಿನ ಗಾಜಿನ ಕಪಾಟು ಬರಿದಾಯಿತು. ಮನೆಯ ಸಕ್ಕರೆ ಡಬ್ಬಿ ಎಲ್ಲಿಗೆ ಹೋಯಿತೋ. ಅಕ್ಕ ಗೋಧಿ ಬೂಸಾದಲ್ಲಿ, ಜಿಡ್ಡಿಲ್ಲದೆ, ಸಿಹಿಯಿಲ್ಲದೆ ಒಂದು ಬನ್ನು ಮಾಡತೊಡಗಿದಳು. ನಾನೊಂದು ಕಚ್ಚಿದೆ, ಕಟ್ಟಿಸಿಕೊಂಡ ಹಲ್ಲು ಬನ್ನಿನಲ್ಲೇ ಉಳಿಯಿತು.

"ಅಕ್ಕ, ಇದನ್ನ ರಸ್ತೆ ಗುಂಡಿಗೆ ತುಂಬಿಸು. ನಿನಗೆ ಸನ್ಮಾನ ಮಾಡ್ತಾರೆ."

"ಇಷ್ಟು ವರ್ಷ ರುಚಿಯಾಗಿ ಮಾಡಿ ಏನು ಕಡಿದು ಕಟ್ಟೆ ಹಾಕ್ದೆ ಹೇಳು," ಎಂದಳು. ನಾನು ಬಾಯಿ ಮುಚ್ಚಿಕೊಂಡೆ, ಹಲ್ಲೂ ಇರಲಿಲ್ಲ.

ಕೀಮೋ ಕೊಟ್ಟ ಮೇಲೆ ಹುಡುಗಿಯ ಬಾಯೆಲ್ಲ ಹುಣ್ಣು. ಆ ಬನ್ನು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೇನೂ ಬೇಕೆನ್ನಿಸುತ್ತಿರಲಿಲ್ಲ. ತೂಕ ಇಳಿಯುತ್ತಾ ಬಂತು. ಇವಳು ತಿಂದು ಸ್ವಲ್ಪ ಚೇತರಿಸಿಕೊಳ್ಳದ ಹೊರತು ಮುಂದಿನ ಕೀಮೋ ಕೊಡುವಂತಿಲ್ಲ ಎಂದರು ಡಾಕ್ಟರಮ್ಮ. "ಬಾಯಿಗೆ ಏನು ಸೇರುತ್ತೋ ಅದನ್ನ ಕೊಡಿ. ಬೆಣ್ಣೆ, ಸಕ್ಕರೆ, ಏನಾದ್ರೂ ಸರಿ. ಈಗ ಪಥ್ಯದ ಕಾಲ ಅಲ್ಲ."

ಅಕ್ಕ ಕುರ್ಚಿಯ ತುದಿಗೆ ಬಂದಳು. "ನಾನು ದಿನಾ ಬೆಣ್ಣೆ ಸಕ್ಕರೆ ಬನ್ನು ತಿನ್ನಿಸಿದ್ದಕ್ಕೇ ಬಂತಾ ಡಾಕ್ಟ್ರೇ? ಹೌದೋ ಅಲ್ವೋ, ಅಷ್ಟು ಹೇಳಿಬಿಡಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಕುಡಿತ, ಮುಟ್ಟು ನಿಂತ ಮೇಲೆ ಏರೋ ಮೈತೂಕ, ಇವು ಅಪಾಯ ಹೆಚ್ಚಿಸ್ತವೆ. ಆದ್ರೆ ಅದು ಸಾವಿರಾರು ಹೆಂಗಸರನ್ನ ನೋಡಿ ಹೇಳೋ ಮಾತು. ಒಬ್ಬಳನ್ನ ಮುಂದೆ ಕೂರಿಸ್ಕೊಂಡು ಇಂಥದ್ದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ನಿಮ್ಮ ಬನ್ನಿಂದ ಬಂತು ಅಂತ ನಾನಂತೂ ನಂಬಲ್ಲ."

ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಆದರೆ ಹೊರಗೆ ಬರುತ್ತಲೇ ಅಕ್ಕ ನನ್ನ ತೋಳು ಹಿಡಿದು, "ಅಲ್ಲ ಅನ್ಲಿಲ್ವಲ್ಲೋ," ಎಂದಳು.

ಸಕ್ಕರೆ ಮನೆಗೆ ಬರಲಿಲ್ಲ. ನಾನು ಗುಟ್ಟಾಗಿ ಬೇರೆ ಬೇಕರಿಯಿಂದ ಕೇಕು ತಂದರೆ ಹುಡುಗಿ ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ಮಾಮ, ನೀನು ಒಳ್ಳೆಯವನೇ. ಆದ್ರೆ ನಂಗೆ ಅಮ್ಮನ ಬನ್ನು ಬೇಕು. ಬೆಣ್ಣೆ ಸಕ್ಕರೆದು. ಅದೊಂದು ಸಿಕ್ಕಿದ್ರೆ ನಾಲಿಗೆ ದಾರಿಗೆ ಬರುತ್ತೆ, ಆಮೇಲೆ ಎಲ್ಲಾ ತಿಂತೀನಿ. ನೀನೇ ಹೇಳು ಅವಳಿಗೆ, ನಾ ಹೇಳಿದ್ರೆ ಅಳ್ತಾಳೆ."

ಹೇಳಿದೆ. ಅಕ್ಕ ಅಳಲಿಲ್ಲ. ಮಾರನೆ ಬೆಳಿಗ್ಗೆ ಸಕ್ಕರೆ ತರಿಸಿ ನಾದಲು ನಿಂತಳು. ಮಾಮೂಲಿ ಅಳತೆಯ ಸಕ್ಕರೆ ಹಾಕಿದಳು, ಮತ್ತೆ ಅಷ್ಟೇ ಹಾಕಿದಳು. ಬನ್ನು ಬೆಂದ ಮೇಲೆ ಸೀಳಿ, ಬೆಣ್ಣೆ ಸವರಿ, ಮೇಲಿನಿಂದಲೂ ಸಕ್ಕರೆ ಉದುರಿಸಿದಳು. ಅರ್ಧ ಮೇಜಿನ ಮೇಲೆ ಬಿತ್ತು.

ಹುಡುಗಿ ದಿಂಬಿಗೆ ಒರಗಿ ಕೂತು, ಎರಡೂ ಕೈಯಲ್ಲಿ ಹಿಡಿದು, ಸಣ್ಣ ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಅವಳ ಮುಖದಲ್ಲಿ ಏನೋ ಆರಿತು.

"ಅಮ್ಮ, ಇದಕ್ಕೂ ಸಕ್ಕರೆ ಹಾಕಿಲ್ಲ ಅಲ್ವಾ?"

ಅವಳ ಕೆಳತುಟಿಗೆ ಸಕ್ಕರೆಯ ಹರಳುಗಳು ಅಂಟಿಕೊಂಡಿದ್ದವು. ಔಷಧಿ ನಾಲಿಗೆಯ ರುಚಿಯನ್ನೇ ಒಯ್ದಿತ್ತು. ನಾನು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ. ಅವಳು ಬಗ್ಗಿ ಮಗಳ ತುಟಿಯನ್ನು ಏಪ್ರನ್ನಿನಿಂದ ಒರೆಸಿದಳು.

"ಇಲ್ಲ ಕಣೇ. ಧೈರ್ಯ ಬರ್ಲಿಲ್ಲ. ನಾಳೆ ಹಾಕ್ತೀನಿ."

"ಹೆದರುಪುಕ್ಕಲಿ," ಎಂದಳು ಹುಡುಗಿ. ನಾಳೆಯ ಬನ್ನಿಗೆ ಸಕ್ಕರೆ ಇದೆಯೆಂಬ ಖುಷಿಗೋ ಏನೋ, ಅರ್ಧ ತಿಂದಳು.

ಆ ನಾಳೆ ದಿನಾ ಬಂತು. ದಿನಾ ಅಕ್ಕ ಸಕ್ಕರೆ ಹಾಕಿದಳು, ದಿನಾ ಹಾಕಿಲ್ಲವೆಂದು ಬೈಸಿಕೊಂಡಳು. ಮಗಳು ಬೈಯುತ್ತಾ ಅರ್ಧರ್ಧ ತಿಂದಳು. ತೂಕ ಒಂದಿಷ್ಟು ನಿಂತಿತು, ಕೀಮೋ ಮತ್ತೆ ಕೊಟ್ಟರು. ಕಾಯಿಲೆ ಮಾತ್ರ ನಿಲ್ಲಲಿಲ್ಲ. ಹುಡುಗಿ ಹೋದಳು.

ಬೇಕರಿ ಮತ್ತೆ ತೆರೆದ ವಾರ ಸ್ಟೂಲಿನ ಮೇಲೆ ಕೂತಿದ್ದೆ. ಅಕ್ಕ ನಾದುವುದನ್ನು ನಿಲ್ಲಿಸಿ ಕೇಳಿದಳು: "ಅಮ್ಮ ಕೊನೇವರೆಗೂ ಸಕ್ಕರೆ ಕೊಡ್ಲೇ ಇಲ್ಲ ಅಂತ ಅಂದ್ಕೊಂಡೇ ಹೋದ್ಲಾ?"

"ಅವಳಿಗೆ ಗೊತ್ತಿತ್ತು ಅಕ್ಕ," ಎಂದೆ.

ಗೊತ್ತಿತ್ತೇ? ನನಗೆ ಗೊತ್ತಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಚಿಕ್ಕಂದಿನಿಂದ ನನ್ನ ಸುಳ್ಳುಗಳನ್ನು ಹಿಡಿದವಳು, ಇದನ್ನೂ ಹಿಡಿದಿರಬೇಕು. ಮತ್ತೆ ಹಿಟ್ಟಿಗೆ ಕೈ ಹಾಕಿದಳು.